ಹದದ ಇಪ್ಪತ್ತು ನಿಮಿಷ

ಭಕ್ತಿಯನ್ನು ಯಂತ್ರದಿಂದ ಹುಟ್ಟಿಸಬಹುದಾದರೆ ಆ ಯಂತ್ರವನ್ನು ಮೊದಲು ಕೊಳ್ಳುವವರು ಯಾರು? ಸ್ವಾಮಿಗಳಲ್ಲ, ಮೌಲ್ವಿಗಳೂ ಅಲ್ಲ, ಚುನಾವಣೆಗೆ ನಿಂತವರು. ಇದನ್ನು ಊಹಿಸಲು ವಿಜ್ಞಾನ ಓದಿರಬೇಕಾಗಿಲ್ಲ. ಆದರೆ ಯಂತ್ರ ಕಟ್ಟಿದ ಬುದ್ಧಿವಂತರಿಗೆ ಮಾತ್ರ ಇದು ಕೊನೆಯವರೆಗೂ ಹೊಳೆಯಲಿಲ್ಲವಂತೆ. ನಂಬುವವರು ನಂಬಬಹುದು.

ಯಂತ್ರದ ಹೆಸರು ‘ಪ್ರಶಾಂತ’. ಮೊದಲು ಅದು ಆಸ್ಪತ್ರೆಗಳಲ್ಲಿತ್ತು. ನಿದ್ದೆ ಬಾರದವರನ್ನು, ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳುವವರನ್ನು ಒಂದು ಕೋಣೆಯಲ್ಲಿ ಕೂರಿಸಿ, ಕಿವಿಗೆ ಕೇಳಿಸದಷ್ಟು ತಗ್ಗಿನ ಸದ್ದೊಂದನ್ನು ಸ್ಪೀಕರಿನಿಂದ ಬಿಡುತ್ತಿದ್ದರು. ಕಿವಿಗೆ ಕೇಳದಿದ್ದರೂ ಎದೆಗೂಡಿಗೆ ಅದು ಗೊತ್ತಾಗುತ್ತದೆ. ನಿಧಾನಕ್ಕೆ ಉಸಿರು ಅದರ ಲಯಕ್ಕೆ ಬೀಳುತ್ತದೆ. ಕೇಳುವವನು ಒಬ್ಬನೇ ಇದ್ದರೆ ನಿದ್ದೆ ಬರುತ್ತದೆ, ಅಷ್ಟೆ. ಸಾವಿರಾರು ಜನ ಒಟ್ಟಿಗಿದ್ದರೆ ಆಗುವುದೇ ಬೇರೆ. ಅಷ್ಟೂ ಜನರ ಉಸಿರು ಒಂದಾಗುತ್ತದೆ. ಆಗ ‘ಇದು ನಾನು, ಅದು ಉಳಿದವರು’ ಎಂದು ತಲೆಯೊಳಗೆ ಗೆರೆ ಎಳೆಯುವ ಭಾಗ ಸುಮ್ಮನಾಗುತ್ತದೆ. ಎದೆ ತುಂಬಿ ಬರುತ್ತದೆ, ಕಣ್ಣಲ್ಲಿ ನೀರಾಡುತ್ತದೆ. ಅಲ್ಲಿಂದ ಮುಂದೆ ಸುಮಾರು ಇಪ್ಪತ್ತು ನಿಮಿಷ ಯಾರು ಏನು ಹೇಳಿದರೂ ಅದು ಕೇಳಿದ ಮಾತಾಗಿ ಉಳಿಯುವುದಿಲ್ಲ; ಕೇಳಿದವನ ಸ್ವಂತ ನೆನಪಾಗಿ ಕೂತುಬಿಡುತ್ತದೆ. ಮಳೆ ಬಿದ್ದು ಬಿತ್ತನೆಗೆ ತಯಾರಾದ ನೆಲದಂತೆ. ಅದಕ್ಕೇ ಯಂತ್ರ ನಡೆಸುವವರು ಆ ಹೊತ್ತನ್ನು ‘ಹದ’ ಎನ್ನುತ್ತಿದ್ದರು.

ಬೇವಿನಗಟ್ಟಿಯ ಸಂತೆ ಮೈದಾನದಲ್ಲಿ ಧರ್ಮಪಥ ಪಕ್ಷದ ಸಭೆ ನಡೆದಿತ್ತು. ವೇದಿಕೆಯ ಹಿಂದೆ ಬಿಳಿ ವ್ಯಾನು, ವ್ಯಾನಿನೊಳಗೆ ಸಾಲು ಪರದೆಗಳು. ಕಂಬಗಳಿಗೆ ಕಟ್ಟಿದ ಕ್ಯಾಮೆರಾಗಳು ಜನರ ಎದೆಯ ಏರಿಳಿತ ಹಿಡಿದು ಕಳಿಸುತ್ತಿದ್ದವು. ಮೊದಲು ಪರದೆಯ ತುಂಬ ಗೆರೆಗಳ ಗೋಜಲು. ಡೋಲು ಶುರುವಾಗಿ, ಡೋಲಿನ ಅಡಿಯಲ್ಲಿ ಆ ಕೇಳಿಸದ ಸದ್ದು ಹೊರಟ ಮೇಲೆ ಗೆರೆಗಳು ಒಂದೊಂದಾಗಿ ಒಟ್ಟಾಗುತ್ತ ಬಂದವು. ಕೊನೆಗೆ ಒಂದೇ ದಪ್ಪ ಗೆರೆ ಉಳಿಯಿತು.

“ಹದ ಬಂತು ಸರ್” ಎಂದಳು ಸುಗಲಾ.

ಸುಗಲಾ ಅದೇ ಊರಿನವಳು, ಕಂಪನಿಯ ಧ್ವನಿ ಎಂಜಿನಿಯರು. ಅವಳ ಮೇಲಧಿಕಾರಿ ಜಯಪ್ರಭು ಬೆಂಗಳೂರಿನವನು. ಇಬ್ಬರೂ ಅಂಗಿಯೊಳಗೆ ಕಂಪನಿಯ ಕವಚ ತೊಟ್ಟಿದ್ದರು. ಸದ್ದಿನ ಲಯಕ್ಕೆ ಸರಿಯಾಗಿ ಅಡ್ಡಲಯದಲ್ಲಿ ನಡುಗುವ ಪಟ್ಟಿ ಅದು. ತೊಟ್ಟವರ ಉಸಿರು ಹದಕ್ಕೆ ಸಿಗುವುದಿಲ್ಲ. ಯಂತ್ರ ನಡೆಸುವವರು ಯಂತ್ರದ ಬಾಯಿಗೆ ಬೀಳಬಾರದಲ್ಲ! ಕವಚ ತೊಟ್ಟವನು ಇನ್ನೊಬ್ಬನೂ ಇದ್ದ: ವೇದಿಕೆಯ ಮೇಲಿನ ನಾಯಕ, ಧರ್ಮವೀರ ರುದ್ರಸೇನ. ಸಾವಿರಾರು ಜನರನ್ನು ಅಳಿಸಿದ ಆ ಭಕ್ತಿ ಅವನ ಎದೆಯನ್ನು ಒಂದು ಸಲವೂ ಮುಟ್ಟಿರಲಿಲ್ಲ.

ಸಭೆ ಮುಗಿದ ಮೇಲೆ ಕೇಬಲು ಸುತ್ತಲು ಹೊರಗೆ ಬಂದ ಸುಗಲಾಗೆ ಮೊದಲ ಸಾಲಿನಲ್ಲಿ ಅವ್ವ ಕಂಡಳು. ನಿಂಬೆವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಸಭೆ ಸಮಾರಂಭಗಳೆಂದರೆ ಮೂಗು ಮುರಿಯುತ್ತಿದ್ದ ಹೆಂಗಸು ಯಾರದೋ ಬಲವಂತಕ್ಕೆ ಬಂದು ಕೂತಿದ್ದಳು.

ನಿಂಬೆವ್ವನ ವಿಷಯ ಎರಡು ಮಾತು ಹೇಳಬೇಕು. ಆಕೆ ಗೀಗೀ ಪದದ ಹಾಡುಗಾರ್ತಿ. ಗೀಗೀ ಪದ ಎಂದರೆ ಕೂತು ತಲೆದೂಗುವ ಹಾಡಲ್ಲ, ನಿಂತು ಜಗಳಾಡುವ ಹಾಡು. ಒಂದು ಮೇಳದವರು ಶಿವನೇ ಹೆಚ್ಚು ಎನ್ನಬೇಕು, ಇನ್ನೊಂದು ಮೇಳದವರು ಶಕ್ತಿಯೇ ಹೆಚ್ಚು ಎನ್ನಬೇಕು. ಒಬ್ಬರು ಹಾಡಿನಲ್ಲೇ ಸವಾಲು ಎಸೆದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಕೊಡಲಾಗದಿದ್ದರೆ ಡಪ್ಪನ್ನು ನೆಲಕ್ಕಿಟ್ಟು ಇಳಿದು ಹೋಗಬೇಕು. ಅದಕ್ಕಿಂತ ದೊಡ್ಡ ಮರ್ಯಾದೆಗೇಡು ಆ ಜನರಿಗೆ ಬೇರೆ ಇಲ್ಲ. ನಿಂಬೆವ್ವ ಶಕ್ತಿಯ ಪಕ್ಷ. ಅವಳ ಎದುರು ಶಿವನ ಪಕ್ಷ ಹಿಡಿದು ಹಾಡುತ್ತ ಬಂದವನು ದರ್ಗಾ ಓಣಿಯ ಮೌಲಾಸಾಬ. ಶಿವನ ಪರ ಮುಸಲ್ಮಾನನೊಬ್ಬ ವಾದಿಸುವುದು ಬೇವಿನಗಟ್ಟಿಯಲ್ಲಿ ಯಾರಿಗೂ ವಿಚಿತ್ರವೆನಿಸಿರಲಿಲ್ಲ. ವಿಚಿತ್ರವೆನಿಸಲು ಯಂತ್ರ ಬರಬೇಕಾಯಿತು.

ಮರುದಿನ ಮೌಲಾಸಾಬ ಎಂದಿನಂತೆ ಎಲೆಯಡಿಕೆ ಚೀಲ ಹಿಡಿದು ತಾಲೀಮಿಗೆ ಬಂದ. ನಿಂಬೆವ್ವ ಹೊಸ್ತಿಲಲ್ಲೇ ನಿಂತಳು.

“ಇನ್ನ ಮ್ಯಾಲ ನಮ್ಮನಿಗೆ ಬರಬ್ಯಾಡ್ರಿ.”

ಮೌಲಾಸಾಬ ತಮಾಷೆ ಎಂದುಕೊಂಡ. “ಯಾಕ ತಂಗಿ, ಹೋದ ಸರ್ತಿ ಸವಾಲಿಗೆ ಜವಾಬ ಇನ್ನೂ ಸಿಕ್ಕಿಲ್ಲೇನು?”

“ನಿಮ್ಮವರು ನಮ್ಮ ಗುಡಿ ಕೆಡವಿದ್ರು. ನಾ ಸಣ್ಣಾಕಿದ್ದಾಗ. ನನ್ನ ಕಣ್ಣಮುಂದ.”

“ಯಾವ ಗುಡಿ? ಎಲ್ಲೆ?”

“ಎಲ್ಲೆ ಅಂತ ಕೇಳಬ್ಯಾಡ್ರಿ. ನನಗ ನೆನಪೈತಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಸಂಕಟವಿತ್ತು. ಅದೇ ಭಯಂಕರ. ಕಂಡದ್ದನ್ನು ಹೇಳುವವರ ದನಿ ಅದು. ಒಳಗಿನಿಂದ ಕೇಳುತ್ತಿದ್ದ ಸುಗಲಾಗೆ ಆ ವಾಕ್ಯದ ಗುರುತು ಹತ್ತಿತು: ಹಿಂದಿನ ಸಂಜೆ ರುದ್ರಸೇನ ಹದದಲ್ಲಿ ಹೇಳಿದ ವಾಕ್ಯ, ಆಡುಮಾತಷ್ಟೇ ಅವ್ವನದು. ಮೌಲಾಸಾಬ ಎಲೆಯಡಿಕೆ ಚೀಲವನ್ನು ಕಟ್ಟೆಯ ಮೇಲಿಟ್ಟು ಹೋದ.

ಊರು ಇದಕ್ಕೆ ಬೇಗ ಹೊಂದಿಕೊಂಡಿತು. ಕೆಟ್ಟದ್ದಕ್ಕೆ ಹೊಂದಿಕೊಳ್ಳುವುದರಲ್ಲಿ ನಮ್ಮಷ್ಟು ಚುರುಕು ಯಾರೂ ಇಲ್ಲ. ಸಾತಪ್ಪನ ಹಿಟ್ಟಿನ ಗಿರಣಿಯಲ್ಲಿ ಒಂದೇ ಸಾಲು ಎರಡಾಯಿತು. ಕ್ಷೌರದ ಅಂಗಡಿಗಳೂ ಹಂಚಿಕೆಯಾದವು. ಸಭೆಯಿಲ್ಲದ ವಾರ ಹೆಂಗಸರು ತಲೆನೋವೆಂದು ಮಲಗತೊಡಗಿದರು, ಸಂಜೆಯ ಚಹಾ ತಪ್ಪಿದವರ ಹಾಗೆ. ಹೊಳೆಯಾಚೆಯ ಊರಿನಲ್ಲಿ ಇನ್ನೊಂದು ಧರ್ಮದ ಪಕ್ಷವೂ ಇದೇ ವ್ಯಾನನ್ನು ಬಾಡಿಗೆಗೆ ಕರೆಸುತ್ತಿತ್ತು. ಮೇಲೆ ಹೊದಿಸುವ ಬಟ್ಟೆಯ ಬಣ್ಣವೊಂದೇ ಬೇರೆ. ಆ ಸಭೆಗೆ ಹೋಗಿ ಬಂದ ಮೌಲಾಸಾಬನ ಮಗ ದಸ್ತಗೀರ, “ಹಾಡೂದು ಹರಾಮ್, ಅವರ ದೇವರ ಹೆಸರ ನಿನ್ನ ಬಾಯಾಗ ಬರಬಾರದು” ಎಂದು ಅಪ್ಪನ ಡಪ್ಪನ್ನು ಅಟ್ಟಕ್ಕೆ ಎಸೆದಿದ್ದ. ಅವನಿಗೂ ತಾನು ಕಾಣದ ಯಾವುದೋ ಬೆಂಕಿಯ ನೆನಪಿತ್ತು.

ಸುಗಲಾ ಜಯಪ್ರಭುವಿನ ಮುಂದೆ ಹೋಗಿ ನಿಂತಳು.

“ಸರ್, ನಮ್ಮವ್ವಗ ಇಲ್ಲದ ನೆನಪು ಹುಟ್ಟೈತ್ರಿ. ಜನರನ್ನ ಸಮಾಧಾನ ಮಾಡೂ ಯಂತ್ರ ಅಂತ ಹೇಳಿದ್ರಿ ನೀವು.”

ಜಯಪ್ರಭು ಒಳ್ಳೆಯವನೇ. ಅಂದರೆ, ಯಾರ ಮೇಲೂ ಕೂಗಾಡದವನು. “ನೋಡಮ್ಮ, ಮಿಕ್ಸಿ ಮಾರೋನು ಚಟ್ನಿ ಖಾರಕ್ಕೆ ಜವಾಬ್ದಾರನಾ? ಅವರ ಭಾಷಣ ಅವರದ್ದು. ನಾವು ಸೌಂಡ್ ಕೊಡ್ತೀವಿ.”

ಆಗ ವ್ಯಾನಿನ ಬಾಗಿಲು ತೆರೆದು ರುದ್ರಸೇನನೇ ಬಂದ. ಹತ್ತಿರದಿಂದ ನೋಡಿದರೆ ಸಾಧಾರಣ ಮನುಷ್ಯ, ಹಲ್ಲುನೋವಿನಿಂದ ಬಳಲುತ್ತಿದ್ದ. ಬರುವ ಗುರುವಾರದ ದೊಡ್ಡ ಸಭೆಯ ಬಗ್ಗೆ ಕೇಳಿದ. “ಈ ಹದ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋ ಹಾಗೆ ಮಾಡಬಹುದಾ? ಮೈದಾನದಿಂದ ದರ್ಗಾ ಓಣಿವರೆಗೆ ಜನ ನಡೆದು ಹೋಗೋವಷ್ಟು?”

ಜಯಪ್ರಭು ಪೆನ್ನು ಕೆಳಗಿಟ್ಟ. “ಓಣಿಗೆ ಯಾಕೆ ಸರ್?”

“ಆ ಓಣಿ ಖಾಲಿ ಆಗಬೇಕು ಅಂತ ಜನರೇ ಕೇಳ್ತಿದ್ದಾರೆ.”

“ಇಲ್ಲಿವರೆಗೆ ಕೇಳಿಲ್ಲವಲ್ಲ ಸರ್.”

“ಗುರುವಾರ ಕೇಳ್ತಾರೆ” ಎಂದ ರುದ್ರಸೇನ, ಕೆನ್ನೆ ಒತ್ತಿಕೊಳ್ಳುತ್ತ. “ಹಾಡೋಕೆ ನಿಂಬೆವ್ವನ್ನ ಕರೆಸಿ. ಆ ಹೆಂಗಸಿನ ದನಿ ಅಂದ್ರೆ ಊರೇ ಬರುತ್ತೆ.”

ಜಯಪ್ರಭು ಪರದೆಯ ಕಡೆ ತಿರುಗಿ, “ನೋಡೋಣ ಸರ್, ಇನ್ನೆರಡು ಸ್ಪೀಕರ್ ಹೆಚ್ಚಿಗೆ ಹಾಕಿದ್ರೆ ಆಗಬಹುದು” ಎಂದ. ಸುಗಲಾ ಅಂದೇ ಪೊಲೀಸ್ ಠಾಣೆಗೆ ಹೋದಳು. ಇನ್ಸ್‌ಪೆಕ್ಟರು ಪೂರ್ತಿ ಕೇಳಿಸಿಕೊಂಡು, ಕಿವಿಗೆ ಕೇಳದ ಸದ್ದಿನ ಮೇಲೆ ಯಾವ ಕಾನೂನಿನಲ್ಲಿ ದೂರು ಬರೆದುಕೊಳ್ಳಲಿ ಎಂದು ಕೇಳಿದರು. ರುದ್ರಸೇನನ ಹೆಸರೆತ್ತಿದೊಡನೆ ಅವರ ಕಣ್ಣು ತುಂಬಿ ಬಂದದ್ದನ್ನು ಕಂಡು, ಅವರೂ ಸಭೆಗೆ ಬಂದೋಬಸ್ತಿಗೆ ಹೋಗಿದ್ದವರೇ ಎಂಬುದು ಅವಳಿಗೆ ನೆನಪಾಯಿತು. ಯಂತ್ರವನ್ನು ಒಡೆದುಹಾಕುವ ಯೋಚನೆಯೂ ಬಂತು. ಆದರೆ ಕಂಪನಿಯ ಬಳಿ ಇನ್ನೊಂದು ವ್ಯಾನಿತ್ತು. ಅದೂ ಹೋದರೆ ಮತ್ತೊಂದು ಬರುತ್ತಿತ್ತು. ಕೆಲಸ ಬಿಟ್ಟರೆ ಅವಳ ಕುರ್ಚಿಯಲ್ಲಿ ಬೇರೆ ಯಾರೋ ಕೂತು ಹದ ಬಂತು ಸರ್ ಎನ್ನುತ್ತಿದ್ದರು. ಓಣಿ ಉಳಿಯಬೇಕೆಂದರೆ ಹದವೇ ಒಡೆಯಬೇಕು, ಅದೂ ಎಲ್ಲರ ಕಣ್ಣೆದುರು. ಅದು ಹೇಗೆಂದು ತಿಳಿಯುವವರೆಗೆ ಅವಳು ಆ ಕುರ್ಚಿ ಬಿಡುವುದಿಲ್ಲವೆಂದು ನಿರ್ಧರಿಸಿದಳು.

ಎದುರುಲಯದ ಸದ್ದು ಬಿಟ್ಟು ನೋಡಿದಳು. ಯಂತ್ರ ಅದನ್ನು ಗುರುತಿಸಿ ತನ್ನ ಲಯವನ್ನೇ ಬದಲಿಸಿಕೊಂಡಿತು. ಬುದ್ಧಿವಂತ ಯಂತ್ರ, ಅವಳೇ ತಿದ್ದಿ ತೀಡಿದ್ದು.

ದಾರಿ ಸಿಕ್ಕಿದ್ದು ಅಡುಗೆಮನೆಯಲ್ಲಿ. ನಿಂಬೆವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದಿನ ನಡುವೆ, ಧರ್ಮ ಉಳಿಯಬೇಕು, ಓಣಿ ಖಾಲಿಯಾಗಬೇಕು ಎಂದು ಪಾಠ ಒಪ್ಪಿಸುವವಳಂತೆ ಹೇಳುತ್ತಲೇ ಇದ್ದಳು. ಕೇಳಿ ಕೇಳಿ ಸುಗಲಾಗೆ ತಲೆ ಕೆಟ್ಟಿತು. ಅವಳಿಗೆ ಹಾಡಲು ಬರುವುದಿಲ್ಲ. ಸರಸ್ವತಿ ಅವ್ವನ ನಾಲಿಗೆಯಲ್ಲೇ ಠಿಕಾಣಿ ಹೂಡಿ ಮಗಳ ಕಡೆ ತಿರುಗಿಯೂ ನೋಡಿರಲಿಲ್ಲ. ಆದರೂ ಸಿಟ್ಟಿನಲ್ಲಿ, ಮೌಲಾಸಾಬ ಹಾಕುತ್ತಿದ್ದ ಹಳೆಯ ಸವಾಲೊಂದನ್ನು ಶ್ರುತಿಯಿಲ್ಲದ ದನಿಯಲ್ಲಿ ಒದರಿದಳು:

“ಶಕ್ತಿ ದೊಡ್ಡಾಕಿ ಅಂತಿ ತಂಗಿ, ಶಿವನ ಎದಿ ಮ್ಯಾಲ ನಿಂತಾಕಿ,
ನಿಲ್ಲಾಕ ಎದಿ ಕೊಟ್ಟಾಂವ ಇಲ್ಲಂದ್ರ ಎಲ್ಲೆ ನಿಲ್ಲತಿದ್ಲಾಕಿ?”

ನಿಂಬೆವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಉಸಿರು ಹಿಡಿದಳು. ಕಣ್ಣು ಕಿರಿದು ಮಾಡಿ ಒಂದು ಗಳಿಗೆ ಯೋಚಿಸಿ, ಹಿಟ್ಟು ನಾದುವ ಕೊಣಮಿಗೆಯ ಅಂಚಿಗೆ ತಾಳ ಬಡಿದು ಜವಾಬು ಕೊಟ್ಟಳು:

“ಎದಿಯೊಳಗ ಉಸರ ಇಟ್ಟಾಕಿ ಯಾರ ಅಣ್ಣಾ, ಅದನ್ನ ಹೇಳಿ ಹಾಡೊ,
ಆಕಿ ಬಿಟ್ಟ ಮ್ಯಾಲ ಶಿವನ ಎದಿಯೂ ಬರೇ ಎಲುಬಿನ ಗೂಡೊ!”

ಆಮೇಲೆ ಬಾಗಿಲ ಕಡೆ ನೋಡಿ, “ಮೌಲಣ್ಣ ಯಾಕ ಬಂದಿಲ್ಲ ಇನ್ನೂ? ಹೊತ್ತಾತಲ್ಲ” ಎಂದಳು.

ಎರಡು ರೊಟ್ಟಿ ಬೇಯುವಷ್ಟು ಹೊತ್ತು ಅವ್ವ ಅವ್ವನಾಗಿದ್ದಳು. ಮತ್ತೆ ಮುಖಕ್ಕೆ ಮಂಕು ಹತ್ತಿತು, ಮತ್ತೆ ಅದೇ ಗುಡಿ, ಅದೇ ಓಣಿ. ಮಗಳು ಹಿತ್ತಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿಸಿ ಮುಖ ತೊಳೆದುಕೊಂಡು ಮತ್ತೆ ಎಂಜಿನಿಯರಾದಳು.

ವಿಷಯ ಸರಳವಾಗಿತ್ತು. ಯಂತ್ರ ಬೇಡುವುದು ಒಂದೇ ಸಮನಾದ ಉಸಿರು. ಜವಾಬಿಗಾಗಿ ಕಾಯುವವನು ಉಸಿರು ಹಿಡಿಯುತ್ತಾನೆ. ಒಬ್ಬೊಬ್ಬನು ಒಂದೊಂದು ಹೊತ್ತು. ಮೇಲಾಗಿ, ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಒಳಗೆ ‘ನಾನು’ ಎಂಬುವವನೊಬ್ಬ ಎದ್ದು ಕೂರಬೇಕು. ಯಂತ್ರ ಮಲಗಿಸುವುದು ಅವನನ್ನೇ. ಭಜನೆಯನ್ನು, ಘೋಷಣೆಯನ್ನು, ಭಾಷಣವನ್ನು ಆ ಯಂತ್ರ ನುಂಗಿ ನೀರು ಕುಡಿಯಬಲ್ಲದು. ಸವಾಲನ್ನು ನುಂಗಲಾರದು. ದೇವರ ಬಗ್ಗೆ ಜಗಳಾಡುವ ಹಾಡನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಮೌಲಾಸಾಬನ ಮನೆಯಲ್ಲಿ ಗಂಟುಮೂಟೆ ಕಟ್ಟುತ್ತಿದ್ದರು. ಗುರುವಾರದೊಳಗೆ ಊರು ಬಿಡುವುದೆಂದು ಸೊಸೆ ಹಟ ಹಿಡಿದಿದ್ದಳು. ಸುಗಲಾ ಎಲ್ಲವನ್ನೂ ಹೇಳಿ, ತನ್ನ ಕವಚ ಬಿಚ್ಚಿ ಅವನ ಮುಂದಿಟ್ಟಳು.

“ಕಾಕಾ, ಇದನ್ನ ಅಂಗಿ ಒಳಗ ಹಾಕೊಂಡು ಅವ್ವನ ಹಿಮ್ಮೇಳದಾಗ ನಿಲ್ಲಬೇಕು. ಡೋಲು ನಿಂತ ಮ್ಯಾಲ ಒಂದ ಸವಾಲು. ಮೈಕ್ ನಾ ತೆರದಿಟ್ಟಿರ್ತೀನಿ.”

“ಇದು ನನಗ ಕೊಟ್ರ, ನಿನಗ?”

“ನನಗ ಇನ್ನೊಂದು ಐತಿ” ಎಂದು ಸುಳ್ಳು ಹೇಳಿದಳು.

ದಸ್ತಗೀರ ಗೋಡೆಗೆ ಒರಗಿ ನಿಂತಿದ್ದ. “ಅಬ್ಬಾ, ಗುರ್ತು ಸಿಕ್ರ ಕೊಂದ ಬಿಡ್ತಾರ. ಅವರ ಸಭಾದಾಗ ನಿನಗೇನು ಕೆಲಸ?”

ಮೌಲಾಸಾಬ ಕವಚವನ್ನು ತಿರುಗಿಸಿ ಮುರುಗಿಸಿ ನೋಡಿದ. “ಹರೇದಾಗಿಂದ ಆಕಿ ಎದುರ ನಿಂತೀನಿ. ಆಕಿ ನನ್ನ ಸೋಲಿಸ್ಯಾಳ, ನಾ ಆಕಿನ್ನ ಸೋಲಿಸೀನಿ. ಈಗ ಯಾವನೋ ಬಂದು ನಡುವ ನಿಂತು, ಇಬ್ಬರೂ ಸೋತೀರಿ, ಮನಿಗೆ ಹೋಗ್ರಿ ಅಂದ್ರ? ಸವಾಲ ಹಾಕದ ಇಳಿದು ಹೋಗೂದು ನಮ್ಮ ಮೇಳದಾಗಿಲ್ಲ ದಸ್ತಗೀರ. ಅಟ್ಟದ ಮ್ಯಾಲಿಂದ ನನ್ನ ಡಪ್ಪು ಇಳಸು.”

ಮಗ ಇಳಿಸಲಿಲ್ಲ. ಮೌಲಾಸಾಬ ತಾನೇ ಏಣಿ ಹತ್ತಿದ.

ಗುರುವಾರ ಮೈದಾನ ಕಿಕ್ಕಿರಿದಿತ್ತು. ನಿಂಬೆವ್ವ ವೇದಿಕೆಯ ಮುಂಭಾಗದಲ್ಲಿ ನಿಂತಿದ್ದಳು. ಅವಳ ಹಿಂದೆ ಹಿಮ್ಮೇಳದವರ ಸಾಲು, ಸಾಲಿನ ಕೊನೆಗೆ ರುಮಾಲನ್ನು ಹುಬ್ಬಿನವರೆಗೆ ಎಳೆದುಕೊಂಡ ಮೌಲಾಸಾಬ. ಮೇಳದವರಿಗೆ ಅವನ ಗುರುತು ಹತ್ತದೇ ಇರುತ್ತದೆಯೇ? ಒಬ್ಬರೂ ಬಾಯಿ ಬಿಡಲಿಲ್ಲ.

ಡೋಲು ಶುರುವಾಯಿತು. ವ್ಯಾನಿನೊಳಗೆ ಕವಚವಿಲ್ಲದೆ ಕೂತ ಸುಗಲಾ ತುಟಿ ಕಚ್ಚಿಕೊಂಡಳು, ಮಗ್ಗಿ ಹೇಳಿಕೊಂಡಳು. ಪ್ರಯೋಜನವಾಗಲಿಲ್ಲ. ಮೊದಲು ಹೆಗಲು ಹಗುರಾಯಿತು. ಹುಟ್ಟಿದಾಗಿನಿಂದ ಹೊತ್ತುಕೊಂಡು ಬಂದ ಒಂಟಿತನವನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಕಣ್ಣು ತಾನಾಗಿ ತುಂಬಿತು. ಎಷ್ಟು ಸುಖ! ಇಷ್ಟು ಸುಖವನ್ನು ಜನರಿಗೆ ಕೊಡುವವನು ಕೆಟ್ಟವನಾಗಿರಲು ಹೇಗೆ ಸಾಧ್ಯ? ಪರದೆಯ ಮೇಲೆ ದಪ್ಪ ಗೆರೆಯೊಂದು ಮೂಡಿತ್ತು. ಅದರೊಳಗೆ ತಾನೂ ಇದ್ದೇನೆಂದು ಅವಳಿಗೆ ಹೆಮ್ಮೆಯಾಯಿತು.

“ಹಿಮ್ಮೇಳದ ಕೊನೇ ಮೈಕ್ ಯಾಕೆ ತೆರೆದಿದೆ? ಮುಚ್ಚು” ಎಂದ ಜಯಪ್ರಭು.

ಸುಗಲಾಳ ಕೈ ಆ ಗುಂಡಿಯ ಕಡೆ ಹೋಯಿತು. ಅದನ್ನು ಏಕೆ ತೆರೆದಿಟ್ಟಿದ್ದೆನೆಂಬುದೇ ಅವಳಿಗೆ ಮರೆತುಹೋಗಿತ್ತು. ಹೇಳಿದ ಮಾತು ಕೇಳುವುದು ಎಷ್ಟು ಹಿತವಾಗಿತ್ತು! ಬೆರಳು ಗುಂಡಿ ಮುಟ್ಟಿತು. ಅಷ್ಟರಲ್ಲಿ ಡೋಲು ನಿಂತಿತು, ಡಪ್ಪಿನ ಮೇಲೆ ಒಂದು ಪೆಟ್ಟು ಬಿತ್ತು, ಸಂತೆ ಮೈದಾನದ ಅಷ್ಟೂ ಸ್ಪೀಕರುಗಳಲ್ಲಿ ಮೌಲಾಸಾಬನ ಒಡಕು ದನಿ ಎದ್ದಿತು:

“ಜಗವೆಲ್ಲ ಕಾಯಾಂವ ದೇವರ ಅಂತೀ, ಖರೆ ಮಾತ ನಿಂದು ತಂಗಿ,
ಆ ದೇವರ ಕಾಯಾಕ ಬಡಿಗಿ ಹಿಡಿದಾಂವ ಯಾವನ ಹೇಳ ತಂಗಿ?”

ಬೆರಳು ನಿಂತಿತು. ಅವ್ವ ಏನು ಜವಾಬು ಕೊಡುತ್ತಾಳೆ? ಸುಗಲಾಗೆ ಆ ಕ್ಷಣಕ್ಕೆ ಜಗತ್ತಿನಲ್ಲಿ ಬೇಕಾದದ್ದು ಅದೊಂದೇ. ಉಸಿರು ಹಿಡಿದು ಕೂತಳು. ಹಿಡಿದಿದ್ದೇ ಕಟ್ಟು ಸಡಿಲಿತು. ತಾನು ಯಾರು, ಆ ಮೈಕು ಏಕೆ, ಎಲ್ಲವೂ ಒಟ್ಟಿಗೆ ತಲೆಗೆ ಬಂತು. ಜಯಪ್ರಭು ಗುಂಡಿಗೆ ಕೈ ಚಾಚಿದ. ಅವಳು ಅವನ ಮಣಿಕಟ್ಟು ಹಿಡಿದಳು, ಬಿಡಲಿಲ್ಲ.

ವೇದಿಕೆಯ ಮೇಲೆ ನಿಂಬೆವ್ವ ಹಿಂತಿರುಗಿ ನೋಡಿದಳು. ರುದ್ರಸೇನ ಮೈಕಿನ ಕಡೆ ಹೆಜ್ಜೆ ಹಾಕಿದ್ದ. ಜನ ಕಾಯುತ್ತಿದ್ದರು. ಆ ಸೀಮೆಯ ಜನ, ಸವಾಲು ಬಿದ್ದ ಮೇಲೆ ಜವಾಬು ಕೇಳದೆ ಎದ್ದು ಹೋದದ್ದೇ ಇಲ್ಲ. ನಿಂಬೆವ್ವ ಕೈ ಅಡ್ಡ ಹಿಡಿದು ನಾಯಕನನ್ನು ತಡೆದಳು. “ತಡೀರಿ ಸ್ವಲ್ಪ. ಸವಾಲ ಬಿದ್ದೈತಿ.” ಆಮೇಲೆ ಕಿವಿಗೆ ಕೈಯಿಟ್ಟು ಎತ್ತಿದಳು:

“ಬಡಿಗಿ ಹಿಡಿದಾಂವಗ ದೇವರ ಗುರ್ತಿಲ್ಲ, ಅಂವಗ ಕುರ್ಚಿ ಚಿಂತಿ ಅಣ್ಣಾ,
ದೇವರಿಗಂಜದಾಂವ ದೇವರ ಹೆಸರ್ಲೆ ಅಂಜಿಸತಾನ ಊರನ್ನ!”

“ಗೀಯ ಗೀಯ ಗಾ ಗೀಯ ಗೀಯ” ಎಂದು ಹಿಮ್ಮೇಳ ಎತ್ತುವ ಮೊದಲೇ ಮೈದಾನ ಎತ್ತಿತು. ಪರದೆಯ ದಪ್ಪ ಗೆರೆ ಹುರಿ ಬಿಚ್ಚಿದ ಹಗ್ಗದಂತೆ ಚೆದುರಿತು. ಯಂತ್ರ ಲಯ ಬದಲಿಸಿತು, ಮತ್ತೆ ಬದಲಿಸಿತು. ಹಿಡಿಯಲು ಅದಕ್ಕೆ ಒಂದು ಉಸಿರೂ ಸಿಗಲಿಲ್ಲ. ಇಬ್ಬರೂ ಇನ್ನೆರಡು ಸುತ್ತು ಹಾಡಿದರು. ರುದ್ರಸೇನ ಕೊನೆಗೆ ಮೈಕು ಕಸಿದುಕೊಂಡು ಎಂದಿನ ಭಾಷಣ ಶುರುಮಾಡಿದ: “ಬಂಧುಗಳೇ, ದೇವರು ಅಪಾಯದಲ್ಲಿದ್ದಾನೆ!” ಹಿಂದಿನಿಂದ ಯಾರೋ, “ಹಂಗಾರ ಆ ಬಡಿಗಿಯಾಂವ ನೀವ ಏನ್ರಿ?” ಎಂದರು. ಮೈದಾನ ಬಿದ್ದು ಬಿದ್ದು ನಕ್ಕಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಜನ ಮನೆಗೆ ಹೊರಟರು. ಬಹಳಷ್ಟು ಜನ ತಲೆ ತಗ್ಗಿಸಿಕೊಂಡೇ ಹೊರಟರು. ಆದರೆ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಗುಂಪು ಬೇರೆ ದಿಕ್ಕಿಗೆ ಸರಿಯುತ್ತಿತ್ತು, ದರ್ಗಾ ಓಣಿಯ ಕಡೆಗೆ. ಸುಗಲಾ ಚಿತ್ರವನ್ನು ದೊಡ್ಡದು ಮಾಡಿದಳು. ಅವರ ಉಸಿರಿನ ಗೆರೆಗಳು ಬೇರೆ ಬೇರೆಯಾಗಿದ್ದವು. ಒಬ್ಬನದು ವೇಗ, ಒಬ್ಬನದು ನಿಧಾನ. ಹದದಲ್ಲಿ ಯಾರೂ ಇರಲಿಲ್ಲ. ಕೈಗಳಲ್ಲಿ ಕಲ್ಲಿದ್ದವು.

ಅವಳು ಓಡಿದಳು.

ಓಣಿಯ ಬಾಯಿಗೆ ಅವಳು ಮುಟ್ಟುವಷ್ಟರಲ್ಲಿ ಅವ್ವನೂ ಮೌಲಾಸಾಬನೂ ಅಲ್ಲಿ ನಿಂತಿದ್ದರು, ಮೈದಾನದ ಹಿಂದಿನ ಕಿರುದಾರಿಯಿಂದ ಬಂದು. ಗುಂಪಿನ ಮುಂದೆ ಗಿರಣಿಯ ಸಾತಪ್ಪನಿದ್ದ, ಅಂಗಿಯ ಮೇಲೆ ಇನ್ನೂ ಹಿಟ್ಟಿನ ಧೂಳು.

“ನಿಂಬವ್ವಾ, ಸರಿ ಈಕಡಿ.”

“ಸರಿಯೂದಿಲ್ಲ. ಯಾಕ ಬಂದಿ ಹೇಳು.”

“ನನಗ ನೆನಪೈತಿ, ಅವರು ನಮ್ಮ ಗುಡಿ...”

“ನನಗೂ ನೆನಪೈತಿ. ಎಲ್ಲೆ, ಹೇಳು?”

ಸಾತಪ್ಪ ಬಾಯಿ ತೆರೆದ, ಮುಚ್ಚಿದ. ಉತ್ತರ ಅವನಿಗೂ ಬೇಕಾಗಿತ್ತೆಂದು ತೋರುತ್ತದೆ. ಸಿಗದಿದ್ದುದಕ್ಕೆ ಸಿಟ್ಟು ನೆತ್ತಿಗೇರಿತು. ಕಲ್ಲು ಬೀಸಿದ. ಅದು ನಿಂಬೆವ್ವನ ಹುಬ್ಬಿನ ಮೇಲೆ ಬಡಿಯಿತು. ಆಕೆ ತತ್ತರಿಸಿ ಮೌಲಾಸಾಬನ ತೋಳು ಹಿಡಿದಳು, ಆದರೆ ಕೆಳಗೆ ಬೀಳಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ರಕ್ತ ಕೆನ್ನೆಗಿಳಿಯಿತು. ಗುಂಪಿನಲ್ಲಿ ಅವಳ ಹಾಡು ಕೇಳುತ್ತ ಬೆಳೆಯದವನು ಯಾರೂ ಇರಲಿಲ್ಲ. ಹಿಂದಿನಿಂದ ಒಬ್ಬ ಕಲ್ಲು ಕೆಳಗೆ ಹಾಕಿದ. ಇನ್ನಿಬ್ಬರು ಮೆಲ್ಲಗೆ ಜಾರಿಕೊಂಡರು. ಕೆಲವರು ಕಲ್ಲು ಹಿಡಿದೇ ನಿಂತರು, ಎಸೆಯಲೂ ಆಗದೆ, ಬಿಡಲೂ ಆಗದೆ.

ಸಾತಪ್ಪ ಕುಸಿದು ಕೂತ. “ಯವ್ವಾ, ನಾ ಅಲ್ಲ. ಆ ವ್ಯಾನಿನ ಯಂತ್ರ ಮಾಡಿಸ್ತು. ಸುಗಲಾ, ನಿನಗ ಗೊತ್ತಲ್ಲ, ಹೇಳವಾ! ಯಂತ್ರ ಮಾಡಿಸ್ತು.”

ಎಲ್ಲರೂ ಸುಗಲಾಳ ಕಡೆ ನೋಡಿದರು. ಹೌದು ಎಂದುಬಿಟ್ಟರೆ ಎಷ್ಟು ಸುಲಭ! ಸಾತಪ್ಪ ಉಳಿಯುತ್ತಾನೆ, ಊರು ಉಳಿಯುತ್ತದೆ, ಪಾಪವೆಲ್ಲ ಒಂದು ಬಿಳಿ ವ್ಯಾನಿನ ತಲೆಗೆ ಹೋಗುತ್ತದೆ. ಅವಳಿಗೂ ಹಾಗೆ ಹೇಳುವ ಆಸೆಯಾಯಿತು. ಆದರೆ ಪರದೆ ಅವಳು ನೋಡಿದ್ದಳು.

“ಇಲ್ಲ ಸಾತಪ್ಪಣ್ಣ. ನೆನಪು ಯಂತ್ರದ್ದು. ಕಲ್ಲು ಎತ್ತೂ ಹೊತ್ತಿನ್ಯಾಗ ನಿನ್ನ ಉಸಿರು ನಿಂದ ಆಗಿತ್ತು. ನಾ ನೋಡೀನಿ. ಕೋರ್ಟಿನ್ಯಾಗ ಕೇಳಿದ್ರೂ ಹಿಂಗ ಹೇಳ್ತೀನಿ.”

ಸಾತಪ್ಪ ಮುಖ ಮುಚ್ಚಿಕೊಂಡ. ನಿಂಬೆವ್ವ ಸೆರಗನ್ನು ಹುಬ್ಬಿಗೆ ಒತ್ತಿಕೊಂಡು ಮಗಳನ್ನು ನೋಡಿದಳು.

“ಖರೇನ?”

“ಖರೆ ಅವ್ವಾ.”

“ಹಂಗಾರ ಛಲೋ ಆತು” ಎಂದಳು ನಿಂಬೆವ್ವ. “ಯಂತ್ರದ ಕೂಡ ನಾ ಏನ ಮಾತಾಡ್ಲಿ? ಮನಷ್ಯಾ ಒಗದ ಕಲ್ಲಾದ್ರ ಆ ಮನಷ್ಯಾನ್ನ ಕೇಳಬಹುದು.”

ಅವಳು ಓಣಿಯ ಮೊದಲ ಮನೆಯ ಕಟ್ಟೆಯ ಮೇಲೆ ಕೂತಳು. ಮೌಲಾಸಾಬ ಒಳಗಿನಿಂದ ನೀರು ತರಲು ಮಗನನ್ನು ಕೂಗಿದ. ದಸ್ತಗೀರ ಬಾಗಿಲಲ್ಲಿ ಬಹಳ ಹೊತ್ತು ನಿಂತ, ಆಮೇಲೆ ಚರಿಗೆ ಹಿಡಿದು ಬಂದ. ನಿಂಬೆವ್ವ ಗಾಯ ತೊಳೆದುಕೊಂಡು, ಉಳಿದ ನೀರನ್ನು ಸಾತಪ್ಪನಿಗೆ ಕೊಟ್ಟು, ಪಕ್ಕದ ಜಾಗ ತೋರಿಸಿದಳು. ಕಲ್ಲು ಹಿಡಿದು ನಿಂತವರಿಗೂ ತೋರಿಸಿದಳು.

“ಕೂಡ್ರಿ ಎಲ್ಲಾರೂ. ಹೊತ್ತ ಮುಳಗಲಿ, ನಾಳೆ ಆಗಲಿ, ನಾ ಅಂತೂ ಏಳೂದಿಲ್ಲ. ಹಾಂ, ಸಾತಪ್ಪಾ, ಈಗ ಹೇಳು. ಯಾಕ ಒಗದಿ?”